ಹೆಸರನ್ನು ಮರೆಸಿದ ಕವಿ

ವಾಗ್ಗೇಯಕಾರರ ಬಾಳಿನ ಗುಟ್ಟುಗಳ ಮಾತು ಬಂದಾಗಲೆಲ್ಲ ನಮ್ಮ ಸಂಗೀತಪ್ರಿಯ ಮಿತ್ರರು ಐರೋಪ್ಯರ ಕಡೆಗೆ ಬೆರಳು ಮಾಡುತ್ತಾರೆ. ವಿಯೆನ್ನಾದ ಪಿಟೀಲುವಾದಕ ಫ್ರಿಟ್ಸ್ ಕ್ರೈಸ್ಲರನ ಕಥೆಯಂತೂ ಅವರಿಗೆ ಬಲು ಪ್ರಿಯ. ಆತನು ಕೂಪ್ರಾಂ, ಪುನ್ಯಾನಿ ಮೊದಲಾದ ಹಿಂದಿನ ಕಾಲದವರ ರಚನೆಗಳೆಂದು ಹೇಳಿ ಕೆಲವನ್ನು ಬಹುಕಾಲ ನುಡಿಸುತ್ತಿದ್ದನು. ಹಳೆಯ ಮಠವೊಂದರಲ್ಲಿ ಹಸ್ತಪ್ರತಿಗಳು ದೊರೆತುವೆಂದೂ ಹೇಳಿದ್ದುಂಟು. 1935ರಲ್ಲಿ ಅವೆಲ್ಲ ತನ್ನವೇ ಎಂದು ಒಪ್ಪಿಕೊಂಡಾಗ, ಅದುವರೆಗೆ ತಲೆದೂಗಿದ್ದ ವಿಮರ್ಶಕರಲ್ಲಿ ಕೆಲವರು ಕೆರಳಿದರು. ಕ್ರೈಸ್ಲರನು ಹುಟ್ಟಿದ್ದು 1875ರಲ್ಲಿ. ಅದಕ್ಕೆ ಐದು ವರ್ಷ ಮೊದಲು ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಒಬ್ಬ ಪದಕರ್ತನು ಇದೇ ಆಟವನ್ನು ಆತನಿಗಿಂತ ಮುಂಚೆಯೇ ಆಡಿ ಮುಗಿಸಿದ್ದನೆಂಬುದು ನಮ್ಮವರ ನೆನಪಿಗೆ ಬರುವುದಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಆ ನಂದಳಿಕೆಗೆ ಹೊರಟೆ. ಉಡುಪಿಯಿಂದ ಕಾಪುವನ್ನು ದಾಟಿ, ಪಡುಬಿದ್ರಿಯಲ್ಲಿ ಕಡಲಿಗೆ ಬೆನ್ನು ಮಾಡಿ ಕಾರ್ಕಳದ ದಾರಿ ಹಿಡಿದರೆ ಬೆಳ್ಮಣ್. ಅಲ್ಲಿಂದ ನಂದಳಿಕೆ ದೂರವಿಲ್ಲ. ಗದ್ದೆ, ತೋಟ, ಮಹಾಲಿಂಗೇಶ್ವರನ ಗುಡಿ. ಇಲ್ಲಿನ ಲಕ್ಷ್ಮೀನಾರಣಪ್ಪನೇ ಕನ್ನಡಿಗರ ಮುದ್ದಣ. ಬಡತನದ ಮನೆ, ಓದು ಹೆಚ್ಚು ಮುಂದುವರಿಯಲಿಲ್ಲ. ಅಂಗಸಾಧನೆಯಲ್ಲಿ ತರಬೇತಿ ಪಡೆದು ಉಡುಪಿಯಲ್ಲಿ ವ್ಯಾಯಾಮದ ಮಾಸ್ತರನಾದನು. ಕೆಲಕಾಲ ಕುಂದಾಪುರದಲ್ಲಿಯೂ ಇದ್ದನು. ಹಗಲೆಲ್ಲ ಹುಡುಗರಿಗೆ ಕವಾಯತು ಮಾಡಿಸುತ್ತಿದ್ದ ಈ ಮನುಷ್ಯನು ಹಳಗನ್ನಡವನ್ನು ತಾನಾಗಿಯೇ ಓದಿ ಅರಗಿಸಿಕೊಂಡನೆಂಬುದು, ಪರೀಕ್ಷೆಗಾಗಿ ಅದನ್ನು ಓದಿದ ನನ್ನಂಥವನಿಗೆ ಸ್ವಲ್ಪ ನಾಚಿಕೆಯನ್ನೇ ತರುತ್ತದೆ.

ಅವನು ಬರೆದ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಯಕ್ಷಗಾನ ಪ್ರಸಂಗಗಳು. ರಾಗತಾಳಗಳಿಗೆ ಹೊಂದಿಸಿ ಕಟ್ಟಿದ ಈ ಪದಗಳನ್ನು ನಮ್ಮ ಭಾಗವತರು ಹಾಡುತ್ತ ಬಂದಿದ್ದಾರೆ. ಬಯಲಾಟದಲ್ಲಿ ಪದ ಚೆನ್ನಾಗಿದ್ದರೆ ಸಾಕು. ಕಟ್ಟಿದವನ ಊರು, ಹೆಸರು, ಪದವಿಗಳನ್ನು ಚೆಂಡೆಯ ಸದ್ದಿನಲ್ಲಿ ಕೇಳುವವರಾರು? ಅಚ್ಚಿನ ಲೋಕ ಹಾಗಲ್ಲ. ಆಗ ಉಡುಪಿಯು ಮದರಾಸಿನ ಆಡಳಿತಕ್ಕೆ ಸೇರಿತ್ತು. ಕನ್ನಡ ಕಾವ್ಯಗಳನ್ನು ಶೋಧಿಸಿ ಪ್ರಕಟಿಸುವ ವಿದ್ವಾಂಸರು ಮೈಸೂರಿನಲ್ಲಿದ್ದರು. ಅವರ ಮುಂದೆ ತನ್ನ ಕೃತಿಯನ್ನು ಇಡುವಾಗ ಮಾಸ್ತರನು ತನ್ನ ಹೆಸರನ್ನು ಹಿಂದಕ್ಕೆ ಸರಿಸಿದನು. ‘ಅದ್ಭುತ ರಾಮಾಯಣ’ ಪ್ರಾಚೀನ ಗ್ರಂಥದ ವೇಷದಲ್ಲಿ ಹೊರಟಿತು. ‘ಶ್ರೀರಾಮ ಪಟ್ಟಾಭಿಷೇಕ’ಕ್ಕೆ ಮಹಾಲಕ್ಷ್ಮಿಯೆಂಬ ಹೆಸರು, ಅದು ಅವನ ತಾಯಿಯ ಹೆಸರು. ‘ಶ್ರೀರಾಮಾಶ್ವಮೇಧ’ವು ಮುದ್ದಣನೆಂಬ ಹಿಂದಿನ ಕವಿಯದೆಂದಾಯಿತು. ಮುದ್ದಣನೆಂದರೆ ಮನೆಯವರು ಅವನನ್ನು ಎಳವೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು! ಪರಕೀಯರ ಹೆಸರುಗಳನ್ನು ಅವನು ಕದಿಯಲಿಲ್ಲ. ಅಡಗಲು ತನ್ನ ಮನೆಯೊಳಗಿನ ಮೂಲೆಗಳನ್ನೇ ಹುಡುಕಿಕೊಂಡನು.

ಡ್ರಿಲ್ ಮಾಸ್ತರನ ಕೃತಿಯೆಂದರೆ ಪಂಡಿತರು ಕಣ್ಣೆತ್ತಿಯೂ ನೋಡಲಾರರೆಂಬ ಅಂಜಿಕೆಯೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಂಜಿಕೆ ಇದ್ದಿರಬೇಕು. ಆದರೆ ಅದೊಂದೇ ಎಂದು ನನಗೆ ಅನಿಸುವುದಿಲ್ಲ. ‘ರಾಮಾಶ್ವಮೇಧ’ದಲ್ಲಿ ಮುದ್ದಣನು ಕಥೆ ಹೇಳುವುದು ಮಡದಿ ಮನೋರಮೆಗೆ. ಅವಳು ಸುಮ್ಮನೆ ಕೇಳಿ ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯ ಬೇಕು ಎನ್ನುತ್ತಾಳೆ. ಸಂಸ್ಕೃತ ಹೆಚ್ಚಾಯಿತೆಂದು ತಡೆಯುತ್ತಾಳೆ. ಕಥೆಯ ಪ್ರತಿಫಲಕ್ಕಾಗಿ ಗಂಡಹೆಂಡಿರಲ್ಲಿ ಚೌಕಾಸಿಯೂ ನಡೆಯುತ್ತದೆ. ಯಾವ ಪುರಾತನ ಕವಿಯ ಮನೆಯಲ್ಲಿ ಹೆಂಡತಿ ಹೀಗೆ ಮಾತನಾಡಿದ್ದಳು? ಮಾತಿನ ಉಡುಗೆ ಹಳೆಯದು. ಮಾತನಾಡುವ ಹೆಣ್ಣು ಹತ್ತೊಂಬತ್ತನೆಯ ಶತಮಾನದ ಕೊನೆಯವಳು. ಗುಟ್ಟನ್ನು ಅವನು ಪುಸ್ತಕದ ಬಾಗಿಲಲ್ಲಿಯೇ ಇಟ್ಟಿದ್ದನು. ಯಾರಾದರೂ ಹಿಡಿಯಲಿ ಎಂದು ಕಾದಿದ್ದನೋ ಏನೋ ಎಂದು ನನಗೆ ಎಷ್ಟೋ ಸಲ ತೋರಿದೆ.

ಕ್ರೈಸ್ಲರನು ಒಪ್ಪಿಕೊಂಡ ಮೇಲೆ ಇಪ್ಪತ್ತಾರೇಳು ವರ್ಷ ಬದುಕಿದನು. ತನ್ನ ರಚನೆಗಳಿಗೆ ಬಂದ ಚಪ್ಪಾಳೆಯನ್ನು ತನ್ನ ಹೆಸರಿನಲ್ಲಿಯೇ ಪಡೆದನು. ಮುದ್ದಣನಿಗೆ ಆ ಕಾಲಾವಕಾಶವಿರಲಿಲ್ಲ. ಕ್ಷಯದಿಂದ ನರಳಿ 1901ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದು ವಯಸ್ಸು. ಮಡದಿ ಕಮಲೆಯೂ ಎಳೆಯ ಮಗನೂ ಉಳಿದರು. ಹೊಸಗನ್ನಡದ ಮುಂಗೋಳಿಯೆಂಬ ಬಿರುದು ಬಂದುದು ಆಮೇಲೆ.

ಇದನ್ನೆಲ್ಲ ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಕರುಣರಸದೊಡನೆ ಹೇಳುತ್ತ ಬಂದವನು ನಾನು. ಎರಡು ವರ್ಷಗಳ ಹಿಂದೆ ಕಾಪುವಿನ ಕಡೆಯ ಒಬ್ಬ ವಿದ್ಯಾರ್ಥಿ ಒಂದು ನೋಟುಬುಕ್ಕನ್ನು ತಂದುಕೊಟ್ಟನು. “ಅಜ್ಜ ಬರೆದ ಪ್ರಸಂಗ ಸಾರ್, ಹಳೆಯ ಪ್ರತಿಯಿಂದ ನಕಲು ಮಾಡಿದ್ದೇನೆ” ಎಂದನು. ಸೌರಾಷ್ಟ್ರ ತ್ರಿವುಡೆಯಲ್ಲಿ ಒಂದು ವಿರಹದ ಪದ, ನಿಜಕ್ಕೂ ಸೊಗಸಾಗಿತ್ತು. ನಡುವೆ ಒಂದು ಹಳಗನ್ನಡದ ಶಬ್ದ. ಹಿಂದಿನ ವಾರವಷ್ಟೇ ನಾನು ಆ ಶಬ್ದಕ್ಕೆ ಅವಸರದಲ್ಲಿ ತಪ್ಪು ಅರ್ಥ ಹೇಳಿ, ತಿದ್ದಲು ಮರೆತಿದ್ದೆ. ಅಜ್ಜನೂ ಅದೇ ತಪ್ಪು ಅರ್ಥದಲ್ಲಿ ಅದನ್ನು ಬಳಸಿದ್ದನು! ಮರುದಿನ ತುಂಬಿದ ತರಗತಿಯಲ್ಲಿ, “ನಿನ್ನ ಅಜ್ಜನವರು ನನ್ನ ಶಿಷ್ಯರೇನಪ್ಪಾ?” ಎಂದುಬಿಟ್ಟೆ. ಎಲ್ಲರೂ ನಕ್ಕರು. ನನ್ನ ಚಾತುರ್ಯಕ್ಕೆ ನಾನೂ ನಕ್ಕೆ. ಅವನು ಮಾತ್ರ ತಲೆ ತಗ್ಗಿಸಿ ಕುಳಿತಿದ್ದನು.

ಆ ಪದ ಚೆನ್ನಾಗಿದೆಯೆಂದು ನಾನು ಅವನಿಗೆ ಹೇಳಲೇ ಇಲ್ಲ. ಪರೀಕ್ಷೆ ಮುಗಿಸಿ ಹೋದವನು ಮತ್ತೆ ಬರಲಿಲ್ಲ. ನಂದಳಿಕೆಗೆ ಹೊರಟ ದಿನ ಆ ನೋಟುಬುಕ್ಕನ್ನು ಚೀಲದಲ್ಲಿಟ್ಟುಕೊಂಡಿದ್ದೆ; ಹಿಂದಿರುಗುವಾಗ ಕಾಪುವಿನಲ್ಲಿ ಇಳಿದು ಅವನ ಮನೆ ವಿಚಾರಿಸಬೇಕೆಂದಿತ್ತು. ಬಸ್ಸು ಅಲ್ಲಿ ನಿಂತಾಗ ಕತ್ತಲಾಗಿತ್ತು, ದೀಪಸ್ತಂಭದ ಬೆಳಕು ಸುತ್ತುತ್ತಿತ್ತು. ನಾನು ಇಳಿಯಲಿಲ್ಲ.