ತೊಡೆಯಲ್ಲಿ ಕುಳಿತ ದರ್ಜಿ

ವೈದ್ಯವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸ್ನಾಯುಗಳಲ್ಲಿ ‘ಸಾರ್ಟೋರಿಯಸ್’ ಎಂಬುದೊಂದುಂಟು. ಕೇಳಿದೊಡನೆ ಯಾವನೋ ರೋಮನ್ ಸೇನಾಪತಿಯ ಹೆಸರೆನಿಸೀತು. ವಾಸ್ತವವಾಗಿ ಅದು ಬಡ ಕಸುಬುದಾರನ ಹೆಸರು. ಲ್ಯಾಟಿನ್ನಿನಲ್ಲಿ ‘ಸಾರ್ಕಿರೆ’ ಎಂದರೆ ಹರಿದುದನ್ನು ಸರಿಪಡಿಸುವುದು, ತೇಪೆ ಹಾಕುವುದು. ‘ಸಾರ್ಟೋರ್’ ಆ ಕೆಲಸದವನು. ಎಂದರೆ ನಮ್ಮ ಸಿಂಪಿಗ, ದರ್ಜಿ.

ದರ್ಜಿಗೂ ತೊಡೆಗೂ ಏನು ನಂಟು? ಈ ಸ್ನಾಯು ಸೊಂಟದ ಮೂಳೆಯ ಮುಂಭಾಗದಲ್ಲಿ ಹುಟ್ಟಿ, ತೊಡೆಯ ಮೇಲೆ ಉತ್ತರೀಯದಂತೆ ಓರೆಯಾಗಿ ಇಳಿದು, ಮೊಣಕಾಲಿನ ಒಳಬದಿಯನ್ನು ಬಳಸಿ ಕೆಳಗಿನ ಮೂಳೆಯನ್ನು ಸೇರುತ್ತದೆ. ಸುಮಾರು ಅರ್ಧ ಮೀಟರು ಉದ್ದ. ನಮ್ಮ ದೇಹದಲ್ಲಿ ಇದಕ್ಕಿಂತ ಉದ್ದವಾದ ಸ್ನಾಯುವಿಲ್ಲ. ತೊಡೆಯನ್ನು ಎತ್ತುವುದಕ್ಕೆ, ಹೊರಕ್ಕೆ ತಿರುಗಿಸುವುದಕ್ಕೆ, ಮೊಣಕಾಲನ್ನು ಮಡಿಸುವುದಕ್ಕೆ ಇದು ನೆರವಾಗುತ್ತದೆ. ಮೂರನ್ನೂ ಒಟ್ಟಿಗೆ ಮಾಡಿ ನೋಡಿ: ಚಕ್ಕಳಮಕ್ಕಳ! ಯೂರೋಪಿನ ದರ್ಜಿಗಳು ಹಿಂದೆ ಮೇಜಿನ ಮೇಲೆ ಹೀಗೆಯೇ ಕುಳಿತು ಹೊಲಿಯುತ್ತಿದ್ದರು. ಕುರ್ಚಿಯ ನಾಡಿನಲ್ಲಿ ಆ ಭಂಗಿಯೇ ಅವರ ಗುರುತಾಯಿತು. ನಮ್ಮವರು ಹೆಸರಿಟ್ಟಿದ್ದರೆ ಪಂಕ್ತಿಯಲ್ಲಿ ಉಣ್ಣುವವರು, ಹರಿಕಥೆ ಕೇಳುವವರು, ಎಲ್ಲರೂ ಹಕ್ಕು ಕೇಳುತ್ತಿದ್ದರು. ಈಗ ಕೋಲಾರ, ಮಾಲೂರು, ಶ್ರೀನಿವಾಸಪುರದ ಪೇಟೆಬೀದಿಗಳಲ್ಲಿಯೂ ದರ್ಜಿ ಯಂತ್ರದ ಮುಂದೆ ಪೀಠವನ್ನೇರಿದ್ದಾನೆ; ಕಾಲು ಮಡಿಸಿ ಕೂರುವುದು ಹೂ ಕಟ್ಟುವವರ ಪಾಲಿಗುಳಿದಿದೆ. ಕಸುಬು ಬಿಟ್ಟ ಭಂಗಿಯನ್ನು ಹೆಸರು ಬಿಟ್ಟಿಲ್ಲ.

‘ಮಸಲ್’ ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯ. ಅದರ ಮೂಲ ‘ಮುಸ್ಕುಲುಸ್’, ಎಂದರೆ ಪುಟ್ಟ ಇಲಿ. ತೋಳು ಮಡಿಸಿದಾಗ ಚರ್ಮದಡಿಯಲ್ಲಿ ಸರಿದಾಡುವ ಉಬ್ಬನ್ನು ಕಂಡವರ ಕಲ್ಪನೆಯಿದು. ಲ್ಯಾಟಿನ್ನಿನ ‘ಮುಸ್’, ಸಂಸ್ಕೃತದ ‘ಮೂಷಿಕ’ ಒಂದೇ ಬಳ್ಳಿಯ ಕಾಯಿಗಳು. ಮುಳಬಾಗಿಲಿನ ಬಳಿಯ ಕುರುಡುಮಲೆ ಗಣಪನಿಗೆ ಕೈಮುಗಿಯುವವರು ಆತನ ವಾಹನದ ನೆಂಟನನ್ನು ತಮ್ಮ ತೋಳಿನಲ್ಲಿಯೇ ಹೊತ್ತಿರುತ್ತಾರೆ.

ರೋಮನರು ತೋಳಿನಲ್ಲಿ ಇಲಿಯನ್ನು ಕಂಡರೆ ಕನ್ನಡಿಗರು ಕಾಲಿನಲ್ಲಿ ಮೀನನ್ನು ಕಂಡರು: ಮೀನಖಂಡ. ಎಂಥ ಕಣ್ಣು! ಪರಿಭಾಷೆ ಕಟ್ಟುವಾಗ ಈ ಕಣ್ಣನ್ನು ಮುಚ್ಚಿಕೊಳ್ಳುವುದು ಸಲ್ಲದು. ಬರಿಯ ಸಂಸ್ಕೃತವನ್ನು ನೆಚ್ಚಿದರೂ ತೊಡಕು ತಪ್ಪದು. ಸುಶ್ರುತ ಸಂಹಿತೆ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ; ಅಲ್ಲಿ ಮಾಂಸದ ಕಟ್ಟು ಪೇಶಿ, ಬಿಗಿಯುವ ನಾರು ಸ್ನಾಯು. ನಾವು ಎರಡನೆಯದನ್ನು ಮೊದಲನೆಯದರ ಅರ್ಥದಲ್ಲಿ ಬಳಸುತ್ತಿದ್ದೇವೆ. ಬಳಕೆ ಬೇರೂರಿದೆ, ಇರಲಿ. ಆದರೆ ಸಾರ್ಟೋರಿಯಸ್ಸನ್ನು ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳುವ ಬದಲು ‘ದರ್ಜಿಸ್ನಾಯು’ ಎಂದರೆ, ಓದುವ ಹುಡುಗ ಒಮ್ಮೆ ಕಾಲು ಮಡಿಸಿ ಕುಳಿತು ಅದರ ಕೆಲಸವನ್ನು ತಾನೇ ಕಂಡುಕೊಂಡಾನು. ಲ್ಯಾಟಿನ್ ಹೆಸರು ಪಕ್ಕದಲ್ಲಿಯೇ ಇರಲಿ. ವೈದ್ಯನಾದವನು ಪರದೇಶದವರೊಡನೆಯೂ ಮಾತಾಡಬೇಕಷ್ಟೆ.