ರ‍್ಯಾಮ್ 8 ಜಿಬಿ ಹಾಕಿದ್ರೂ ಕಂಪ್ಯೂಟರ್ 3.4 ತೋರಿಸಿದ್ರೆ?

ಕಿತ್ತೂರು ಸೀಮೆಯ ನಮ್ಮ ದೇಗಾಂವ ಅಂದ್ರೆ ಹೊರಗಿನವರಿಗೆ ನೆನಪಾಗೋದು ಕದಂಬರ ಕಾಲದ ಕಮಲನಾರಾಯಣ ಗುಡಿ. ಊರಿನವರಿಗೆ ದಿನಾ ಬೇಕಾಗೋದು ನಮ್ಮ ಕಾಕಾನ ಝೆರಾಕ್ಸ್ ಅಂಗಡಿ. ಪಹಣಿ, ಬೆಳೆವಿಮೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಎಲ್ಲವೂ ಅಲ್ಲಿರುವ ಒಂದೇ ಹಳೇ ಕಂಪ್ಯೂಟರ್ ಮೇಲೆ ನಡೆಯುತ್ತವೆ.

ಬೆಳೆವಿಮೆಯ ಕೊನೇ ದಿನ ಹತ್ತಿರ ಬಂದಿತ್ತು. ಬ್ರೌಸರ್ ತೆಗೆದು ಸ್ಕ್ಯಾನರ್ ಹಚ್ಚಿದ ಕೂಡಲೇ ಕಂಪ್ಯೂಟರ್ ನಿಂತುಬಿಡ್ತಿತ್ತು. ಹೊರಗೆ ದಿನದ ಕೂಲಿ ಬಿಟ್ಟು ಬಂದವರ ಪಾಳಿ. ಕಾಕಾ ಫೋನ್ ಮಾಡಿದ: "ತಮ್ಮಾ, ರೊಕ್ಕಾ ಕೊಟ್ಟು ಇನ್ನೊಂದು 4 ಜಿಬಿ ರ‍್ಯಾಮ್ ಹಾಕ್ಸೇನಿ. ಇದು ಅದನ್ನ ಕಣ್ಣೆತ್ತಿ ಸೈತ ನೋಡವಲ್ದು. ರಿಪೇರಿಯಂವ ಮದರ್‌ಬೋರ್ಡ್ ಹೋಗೇತಿ, ಹೊಸಾದು ತಗೋ ಅಂತಾನ."

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಇದು ಸ್ಟಾಕ್ ಲೆಕ್ಕದ ಹಾಗೆ ಕಾಣ್ತದೆ. ಗೋಡೌನ್‌ಗೆ ಬಂದ ಚೀಲ ಎಣಿಸುವವನು ಬಯೋಸ್, ಅಂದ್ರೆ ಕಂಪ್ಯೂಟರ್ ಹಚ್ಚಿದ ತಕ್ಷಣ ವಿಂಡೋಸ್‌ಗಿಂತ ಮೊದಲು ಏಳುವ ಪ್ರೋಗ್ರಾಮ್. ಪುಸ್ತಕದಲ್ಲಿ ಬರೆಯುವ ಗುಮಾಸ್ತ ವಿಂಡೋಸ್. ಲೆಕ್ಕ ತಪ್ಪಿದಾಗ ಮೊದಲು ಗೋಡೌನ್ ನೋಡಬೇಕು, ಆಮೇಲೆ ಪುಸ್ತಕ.

ಕಂಪ್ಯೂಟರ್ ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿದರೆ ಸಾಮಾನ್ಯವಾಗಿ ಬಯೋಸ್ ತೆರೆಯುತ್ತದೆ. ಅಲ್ಲಿ ಒಟ್ಟು ಮೆಮೊರಿ ಎಷ್ಟಿದೆ ನೋಡ್ರಿ.

ಬಯೋಸ್‌ನಲ್ಲೇ ಕಡಿಮೆ ಇದ್ರೆ

ತೊಂದರೆ ಕೈಗೆ ಸಿಗುವ ವಸ್ತುವಿನಲ್ಲೇ ಇದೆ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡೀರಿ. ಪೆಟ್ಟಿಗೆಯ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೀರಿ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರಾಗಿ ಒರೆಸಿ, ಪುಡಿ ಝಾಡಿಸಿ, ಕ್ಲಿಪ್ ಟಕ್ ಅನ್ನೋವರೆಗೂ ಕೂರಿಸ್ರಿ. ನಮ್ಮ ಕಡೆಯ ಧೂಳಿಗೆ ಎಷ್ಟೋ ಸಲ ಇಷ್ಟೇ ಸಾಕು.

ಆದರೂ ಕಾಣದಿದ್ರೆ ಒಂದೊಂದೇ ಪಟ್ಟಿ ಹಾಕಿ ನೋಡ್ರಿ. ಒಂದೇ ಪಟ್ಟಿ ಎಲ್ಲಾ ಸ್ಲಾಟ್‌ನಲ್ಲೂ ಕಾಣದಿದ್ರೆ ಪಟ್ಟಿ ಕೆಟ್ಟಿದೆ, ಅಥವಾ ಆ ಬೋರ್ಡಿಗೆ ಹೊಂದೋದಿಲ್ಲ. ಎರಡೂ ಪಟ್ಟಿ ಒಂದೇ ಸ್ಲಾಟ್‌ನಲ್ಲಿ ಕೈಕೊಟ್ರೆ ಸ್ಲಾಟ್ ಮೇಲೆ ಅನುಮಾನ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ, ಒತ್ತಾಯ ಮಾಡಬೇಡ್ರಿ. ಬೋರ್ಡ್ ಗರಿಷ್ಠ ಎಷ್ಟು ಮೆಮೊರಿ ತಗೊಳ್ತದೆ ಅನ್ನೋದನ್ನ ಕೊಳ್ಳೋ ಮೊದಲೇ ಕೇಳಿಕೊಳ್ರಿ.

ಬಯೋಸ್ 8 ಅಂದು, ವಿಂಡೋಸ್ 3.4 ಅಂದ್ರೆ

ಕಾಕಾನ ಅಂಗಡಿಯಲ್ಲಿ ಕಂಡಿದ್ದು ಇದೇ. ಮಾಲು ಬಂದಿದೆ, ಗುಮಾಸ್ತ ಬರೆದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆಗೆದ್ರೆ ಸಿಸ್ಟಮ್ ಟೈಪ್ ಎಂಬ ಸಾಲು ಸಿಗ್ತದೆ. ಅಲ್ಲಿ ಇದ್ದದ್ದು "32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್".

ವಿಂಡೋಸ್ 10ರ 32-ಬಿಟ್ ಆವೃತ್ತಿಯ ಪುಸ್ತಕದಲ್ಲಿ ಇರೋದೇ 4 ಜಿಬಿಯಷ್ಟು ವಿಳಾಸ. 2ನ್ನು 32 ಸಲ ಗುಣಿಸಿದರೆ 4,29,49,67,296 ಬರುತ್ತದೆ, ಅಷ್ಟು ಬೈಟ್. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಹೋಗ್ತದೆ. ಹೀಗಾಗಿ ಕೈಗೆ ಉಳಿಯೋದು ಮೂರು ಚಿಲ್ಲರೆ. 16 ಜಿಬಿ ಹಾಕಿದ್ರೂ ಅಷ್ಟೇ.

ಪ್ರೊಸೆಸರ್ ಎಕ್ಸ್64 ಆಗಿದ್ರೆ ಪರಿಹಾರ 64-ಬಿಟ್ ವಿಂಡೋಸ್. ಅದನ್ನ ಹೊಸದಾಗಿಯೇ ಹಾಕಬೇಕು, ಇದ್ದದ್ದರ ಮೇಲೆ ಅಪ್‌ಗ್ರೇಡ್ ಆಗೋದಿಲ್ಲ. ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ರಿ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಇದ್ರೆ ಆ ಫಾಂಟ್ ಕೂಡ ಇಟ್ಕೊಳ್ರಿ, ಇಲ್ಲದಿದ್ರೆ ಅಕ್ಷರ ಕಲಸಿಹೋಗಿ ಕಾಣ್ತವೆ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರಕ್ಕೆ 64-ಬಿಟ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡ್ರಿ. 32-ಬಿಟ್ ಡ್ರೈವರ್ ಅಲ್ಲಿ ನಡೆಯೋದಿಲ್ಲ.

ಈಗಾಗಲೇ 64-ಬಿಟ್ ಇದ್ದೂ ಕಡಿಮೆ ಕಾಣ್ತಿದ್ರೆ ಇನ್ನೆರಡು ಕಡೆ ನೋಡ್ರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಕಾನ್ಫಿಗ್ ತೆಗೆದು, ಬೂಟ್, ಅಡ್ವಾನ್ಸ್ಡ್ ಆಪ್ಶನ್ಸ್‌ಗೆ ಹೋಗ್ರಿ. "ಮ್ಯಾಕ್ಸಿಮಮ್ ಮೆಮೊರಿ" ಮುಂದೆ ಟಿಕ್ ಇದ್ರೆ ತೆಗೆದು ರೀಸ್ಟಾರ್ಟ್ ಮಾಡ್ರಿ. ಹಳೇ ಬೋರ್ಡ್ ಆಗಿದ್ರೆ ಬಯೋಸ್‌ನಲ್ಲಿ "ಮೆಮೊರಿ ರೀಮ್ಯಾಪ್" ಆನ್ ಇರಬೇಕು. ವಿಂಡೋಸ್ 7ರಲ್ಲಿ ಇನ್ನೊಂದು ಗಡಿ ಇದೆ: ಹೋಮ್ ಬೇಸಿಕ್ 64-ಬಿಟ್ ಇದ್ರೂ 8 ಜಿಬಿ ದಾಟೋದಿಲ್ಲ.

ಕಾಕಾನ ಕಂಪ್ಯೂಟರ್‌ಗೆ ಒಂದು ರಾತ್ರಿ ಕೂತು 64-ಬಿಟ್ ಹಾಕಿದೆ. ಮುಂಜಾನೆ 8 ಜಿಬಿ ತೋರಿಸ್ತು, ಬಳಕೆಗೆ 7.8. ಆ ಚೂರು ಗ್ರಾಫಿಕ್ಸ್ ಪಾಲು, ಗಾಬರಿ ಬೇಡ. ಪಾಳಿ ಮಧ್ಯಾಹ್ನದೊಳಗೆ ಕರಗಿತು. ಹೊಸ ಬೋರ್ಡಿನ ರೊಕ್ಕ ಕಾಕಾನ ಗಲ್ಲೆಯಲ್ಲೇ ಉಳಿತು.

ಒಂದು ಮಾತು ಮಾತ್ರ ಬಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ವಿಂಡೋಸ್ 11 ಬರೋದು 64-ಬಿಟ್‌ನಲ್ಲಿ ಮಾತ್ರ. ಜನರ ಆಧಾರ್, ಪಾಸ್‌ಬುಕ್ ಹಿಡಿದು ಕೆಲಸ ಮಾಡೋ ಅಂಗಡಿಯವರು ಇದನ್ನ ಬಹಳ ದಿನ ಮುಂದೂಡಬಾರದು. ಕಾಕಾಗೂ ಅದನ್ನೇ ಹೇಳೇನಿ. "ಸುಗ್ಗಿ ಮುಗೀಲಿ ತಡಿ" ಅಂದಾನ.