ಒಂದೇ ಒಲೆ, ಎರಡು ಪದಾರ್ಥ: ಕೋಲಾರದ ಕಡೆಯ ಉಳಿತಾಯ

2023ರ ಜುಲೈ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿತ್ತು. ಅದೇ ಮಂಡಿಯಲ್ಲಿ ಧಾರಣೆ ಕುಸಿದಾಗ ಕೀಳುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು.

ಹಾಗಾಗಿ ಅಗ್ಗವಾದಾಗ ಒಂದು ಬಾಕ್ಸ್ ತನ್ನಿ, ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ. ಹಣ್ಣು ತೊಳೆದು ಚೆನ್ನಾಗಿ ಒರೆಸಿ, ಹುಣಸೆಹಣ್ಣು, ಉಪ್ಪು, ಖಾರ ಹಾಕಿ ಎಣ್ಣೆ ಬಿಡೋವರೆಗೆ ಬಾಡಿಸಿ. ತೊಕ್ಕು ರೆಡಿ. ಒದ್ದೆ ಚಮಚ ಮಾತ್ರ ಹಾಕಲೇಬೇಡಿ. ರೇಟು ಏರಿದ ದಿನ ಟೊಮೆಟೊ ಬಿಟ್ಟುಬಿಡಿ, ಸಾರಿಗೆ ಹುಣಸೆ ಹುಳಿ ಸಾಕು.

ಇನ್ನು ನಮ್ಮ ಬಸ್ಸಾರು. ಕಾಳು ಬೆಂದ ಮೇಲೆ ಅದಕ್ಕೇ ಸೊಪ್ಪು ಹಾಕಿ ಬೇಯಿಸಿ, ಕಟ್ಟು ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ, ಜೊತೆಗೆ ಬೆಂದ ಸೊಪ್ಪು ಒಂದು ಹಿಡಿ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಹನಿ ಕಟ್ಟೂ ಚೆಲ್ಲುವಂತಿಲ್ಲ. ಮುದ್ದೆಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಗೊತ್ತಿಲ್ಲ!

ಶ್ರೀನಿವಾಸಪುರದ ಕಡೆಯವರೇ, ಗಾಳಿಮಳೆಗೆ ಉದುರಿದ ಮಾವಿನಕಾಯಿ ಕಡಿಮೆಗೆ ಸಿಗುತ್ತೆ. ಒಡೆಯದ ಕಾಯಿ ಆರಿಸಿ, ಹೋಳು ಮಾಡಿ, ಉಪ್ಪು ಬೆರೆಸಿ ಬಿಸಿಲಿಗೆ ಒಣಗಿಸಿಡಿ.

ಇನ್ನು ಓಡಾಟದ ಖರ್ಚು. ಮಾಲೂರಿಂದ ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗುವವರು ತಿಂಗಳ ಪಾಸ್ ಮಾಡಿಸಿ. ಮುಳಬಾಗಿಲಿಂದ ಕೋಲಾರಕ್ಕೆ ಬರುವ ಅಕ್ಕಂದಿರೇ, ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ನಿಮಗೆ ಉಚಿತ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಯವರು ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿ. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೇ ಬರುತ್ತೆ.